ಬಾಗಿಲ ಹಿತ್ತಾಳೆಗೆ ಬೇಕಾದ್ದು ತಿಕ್ಕಾಟವಲ್ಲ, ಹೊದಿಕೆ

ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು. ಎರಡೂ ಲೋಹ ಕೆಡುವ ಬಗೆಯೇ ಆದರೂ ಕನ್ನಡ ಅವಕ್ಕೆ ಬೇರೆ ಬೇರೆ ಹೆಸರಿಟ್ಟಿದೆ. ಆ ಭೇದದಲ್ಲಿ ಲೋಹಶಾಸ್ತ್ರದ ಒಂದು ಮುಖ್ಯ ಸಂಗತಿ ಅಡಗಿದೆ. ತುಕ್ಕು ಕಬ್ಬಿಣದ ಮೈಯಿಂದ ಹಳಕು ಹಳಕಾಗಿ ಎದ್ದು ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ಬೀಳುತ್ತದೆ, ಅದೂ ತುಕ್ಕು ಹಿಡಿಯುತ್ತದೆ, ಹೀಗೆ ಸರಳು ಸವೆದು ಮುಗಿಯುವವರೆಗೂ ಕೆಲಸ ನಿಲ್ಲುವುದಿಲ್ಲ. ಹಿತ್ತಾಳೆಯ ಮಂಕು ಹಾಗಲ್ಲ. ಮೊದಲು ಹೊಂಬಣ್ಣ ಕಳೆಗುಂದುತ್ತದೆ, ಆಮೇಲೆ ಕಂದು, ಮತ್ತೆ ಕಡುಗಂದು, ಮಳೆನೀರು ನಿಲ್ಲುವ ಸಂದುಗಳಲ್ಲಿ ಹಸಿರು ಕಿಲುಬು. ಆ ಕಂದು ಪದರ ಲೋಹದ ಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ದಪ್ಪವಾದಷ್ಟೂ ಕೆಳಗಿನ ಲೋಹಕ್ಕೆ ತಾನೇ ಮರೆಯಾಗಿ, ಮುಂದಿನ ಸವೆತವನ್ನು ನಿಧಾನ ಮಾಡುತ್ತದೆ. ಹಾಗಿದ್ದೂ ನಾವು ಹಿತ್ತಾಳೆಯನ್ನು ಕಾಪಾಡುವುದೆಂದರೆ ತಿಕ್ಕುವುದು ಎಂದೇ ತಿಳಿದಿದ್ದೇವೆ. ಹೊರಬಾಗಿಲ ಹಿಡಿಕೆ, ಗೇಟಿನ ಚಿಲಕ, ಗೋಡೆಯ ದೀಪ, ಹೆಸರು ಫಲಕ, ತೋಟದ ನಲ್ಲಿ — ಇವು ಮಂಕಾದ ಕೂಡಲೇ ಪುಡಿ, ಹುಳಿ, ಬಟ್ಟೆ ಹಿಡಿದು ನಿಲ್ಲುತ್ತೇವೆ. ಬಿಸಿಲು ಮಳೆಗೆ ನಿಂತ ಹಿತ್ತಾಳೆಯ ವಿಷಯದಲ್ಲಿ ಇದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ತಿಕ್ಕುವುದು ಶುಚಿ ಮಾಡುವ ಕೆಲಸ, ಕಾಪಾಡುವ ಕೆಲಸವಲ್ಲ. ಕಾಪಾಡಬೇಕಾದರೆ ಲೋಹಕ್ಕೂ ಹವೆಗೂ ನಡುವೆ ಏನಾದರೂ ಇರಬೇಕು.

ಈ ಮಾತನ್ನು ನೈರೋಬಿಯ ಹಿನ್ನೆಲೆಯಲ್ಲಿ ನೋಡುವುದಕ್ಕೆ ಕಾರಣವಿದೆ. ಹಿತ್ತಾಳೆಗೆ ಹವೆ ಏನು ಮಾಡುತ್ತದೆ ಎಂಬುದರ ಎರಡು ಮುಖಗಳು ಕೀನ್ಯಾದಲ್ಲಿ ಒಂದೇ ರೈಲುದಾರಿಯ ಎರಡು ತುದಿಗಳಲ್ಲಿ ಕಾಣುತ್ತವೆ. ಒಂದು ತುದಿಯಲ್ಲಿ ಮೊಂಬಾಸಾ, ಹಿಂದೂ ಮಹಾಸಾಗರದ ಉಪ್ಪುಗಾಳಿಯ ಊರು. ಇನ್ನೊಂದು ಕಡೆ 1899ರಲ್ಲಿ ರೈಲ್ವೆಯ ತಂಗುದಾಣವಾಗಿ ಹುಟ್ಟಿದ ನೈರೋಬಿ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ತಂಪು ಊರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮಂಗಳೂರು, ಇನ್ನೊಂದು ಬೆಂಗಳೂರು. ಬೆಂಗಳೂರಿಗಿಂತ ನೈರೋಬಿ ಇನ್ನೂ ಎತ್ತರ. ಕರಾವಳಿಯ ಮೊಂಬಾಸಾ, ಲಾಮು, ಆಚೆಯ ಜಾಂಜಿಬಾರ್‌ಗಳಲ್ಲಿ ಕೆತ್ತನೆಯ ಮರದ ಬಾಗಿಲುಗಳಿಗೆ ಹಿತ್ತಾಳೆಯ ಗುಬ್ಬಿಗಳನ್ನು ಸಾಲಾಗಿ ಹೊಡೆಯುವ ಸಂಪ್ರದಾಯ ಉಂಟು. ಭಾರತದ ಕುಶಲಕರ್ಮಿಗಳ ಕೈಯೂ ಆ ಬಾಗಿಲುಗಳಲ್ಲಿ ಕಾಣುತ್ತದೆ. ಲಾಮುವಿನ ಹಳೆಯ ಊರು 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ಮಾದರಿಯ ಬಾಗಿಲುಗಳು ಈಗ ನೈರೋಬಿಯ ಮನೆ, ಹೋಟೆಲುಗಳಲ್ಲೂ ನಿಲ್ಲುತ್ತಿವೆ. ಸ್ವಾಹಿಲಿಯಲ್ಲಿ ತಾಮ್ರಕ್ಕೂ ಹಿತ್ತಾಳೆಗೂ ‘ಶಾಬಾ’ ಎಂಬ ಒಂದೇ ಮಾತು ಸಾಕಾಗುತ್ತದೆ. ಬೇರ್ಪಡಿಸಬೇಕಾದಾಗ ಮಾತ್ರ ಪಕ್ಕದಲ್ಲಿ ಬಣ್ಣದ ಹೆಸರು ಸೇರಿಸುತ್ತಾರೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಕಡೆಯ ಭಾರತೀಯ ಮನೆಗಳಿಗಂತೂ ಹಿತ್ತಾಳೆ ಹೊಸದಲ್ಲ. ದೇವರ ಮನೆಯಿಂದ ಹೊಸ್ತಿಲವರೆಗೆ ಅದು ಜೊತೆಗೇ ಬಂದ ಲೋಹ.

ನೈರೋಬಿಯ ಹವೆ ಹಿತ್ತಾಳೆಗೆ ಮೃದುವೇ. ಕಡಲ ಉಪ್ಪಿಲ್ಲ, ಸೆಕೆಯಿಲ್ಲ. ಆದರೆ ಮೃದು ಎಂದರೆ ನಿರಪಾಯ ಎಂದಲ್ಲ. ಗಾಳಿಯ ತೇವ ನೂರಕ್ಕೆ ಅರವತ್ತು–ಎಪ್ಪತ್ತು ದಾಟಿದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆ ನೀರಿನ ಪೊರೆ ಕೂರುತ್ತದೆ. ಬಣ್ಣಗೆಡುವ ರಾಸಾಯನಿಕ ಕ್ರಿಯೆಗಳೆಲ್ಲ ಆ ಪೊರೆಯೊಳಗೇ ನಡೆಯುವುದು. ನೈರೋಬಿಯಲ್ಲಿ ಮಧ್ಯಾಹ್ನದ ಗಾಳಿ ಒಣದಾಗಿದ್ದರೂ ರಾತ್ರಿಯ ತಂಪಿಗೆ ತೇವ ಏರುತ್ತದೆ, ನಸುಕಿಗೆ ಗೇಟಿನ ಮೇಲೆ ಇಬ್ಬನಿ ನಿಂತಿರುತ್ತದೆ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ, ನಡುವೆ ಜೂನ್, ಜುಲೈ, ಆಗಸ್ಟ್‌ಗಳಲ್ಲಿ ಬಿಸಿಲು ಕಡಿಮೆ ಕಾಣುವ ಮೋಡದ ಚಳಿ. ಅಂದರೆ ಹಿತ್ತಾಳೆ ದಿನವೂ ಒದ್ದೆಯಾಗಿ ದಿನವೂ ಒಣಗುತ್ತದೆ. ಆ ಪೊರೆಯೊಳಗೆ ವಾಹನಗಳ ಹೊಗೆ, ಕಸ ಸುಡುವ ಹೊಗೆ, ಚರಂಡಿಯ ಗಂಧಕದ ಅನಿಲ ಕರಗುತ್ತವೆ. ಗಂಧಕ ಹಿತ್ತಾಳೆಯೊಳಗಿನ ತಾಮ್ರದ ಹಳೆಯ ವೈರಿ. ಗಾಳಿಯಲ್ಲಿ ತೀರ ಅಲ್ಪ ಇದ್ದರೂ ಹಿತ್ತಾಳೆಯನ್ನು ಕಪ್ಪಾಗಿಸಲು ಸಾಕು. ಇದರ ಮೇಲೆ ಬಿಸಿಲು. ಎತ್ತರ ಸಾವಿರ ಮೀಟರ್ ಏರಿದಂತೆ ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ ಶೇಕಡಾ ಹತ್ತರಷ್ಟು ಹೆಚ್ಚುತ್ತದೆ, ನೈರೋಬಿಯಾದರೋ ಭೂಮಧ್ಯರೇಖೆಗೆ ತೀರ ಸಮೀಪ. ಬೆಂಗಳೂರಿನಲ್ಲಿ ಉತ್ತರದ ಗೋಡೆಗೆ ವರ್ಷದ ಬಹುಭಾಗ ನೆರಳು. ನೈರೋಬಿಯಲ್ಲಿ ಉತ್ತರ, ದಕ್ಷಿಣದ ಗೋಡೆಗಳು ಬಿಸಿಲನ್ನು ಆರಾರು ತಿಂಗಳು ಹಂಚಿಕೊಳ್ಳುತ್ತವೆ. ಸದಾ ನೆರಳಿನ ಗೋಡೆ ಎಂಬುದೇ ಅಲ್ಲಿಲ್ಲ. ಈ ಬಿಸಿಲು ಹಿತ್ತಾಳೆಗೆ ನೇರವಾಗಿ ಏನೂ ಮಾಡುವುದಿಲ್ಲ. ಅದು ಮುರಿಯುವುದು ಹಿತ್ತಾಳೆಯ ಮೇಲೆ ನಾವು ಬಳಿದ ಮೆರುಗೆಣ್ಣೆಯನ್ನು. ಈ ಸಂಗತಿಗೆ ಮತ್ತೆ ಬರೋಣ.

ಮೊದಲು ಸವೆತದ ಲೆಕ್ಕ. ಹವೆಯಿಂದ ಲೋಹಗಳು ಎಷ್ಟು ಸವೆಯುತ್ತವೆ ಎಂದು ವರ್ಗ ಮಾಡುವ ಅಂತರರಾಷ್ಟ್ರೀಯ ಮಾನಕವೊಂದಿದೆ, ಐಎಸ್ಒ 9223. ಅದರ ಪ್ರಕಾರ ಮಾಲಿನ್ಯ ಹೆಚ್ಚಿಲ್ಲದ ಉಷ್ಣವಲಯದ ಬಯಲಿನಲ್ಲಿ ತಾಮ್ರ ಮೊದಲ ವರ್ಷದಲ್ಲಿ ಕಳೆದುಕೊಳ್ಳುವುದು 0.6ರಿಂದ 1.3 ಮೈಕ್ರಾನ್. ಉಪ್ಪುಗಾಳಿ ಬಡಿಯುವ ಕಡಲ ದಂಡೆಯಂಥ ಕಠಿಣ ಜಾಗದಲ್ಲಿ 2.8ರಿಂದ 5.6 ಮೈಕ್ರಾನ್. ಮನುಷ್ಯನ ಒಂದು ತಲೆಗೂದಲ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದಿಟ್ಟುಕೊಂಡರೆ ಇದು ಎಷ್ಟು ಅಲ್ಪವೆಂದು ಗೊತ್ತಾಗುತ್ತದೆ. ಹಿತ್ತಾಳೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ವರ್ಷಕ್ಕೆ ಒಂದು ಮೈಕ್ರಾನ್ ಎಂದು ಹಿಡಿದರೂ ಎರಡು ಮಿಲಿಮೀಟರ್ ದಪ್ಪದ ಫಲಕ ನೂರು ವರ್ಷದಲ್ಲಿ ಕಳೆದುಕೊಳ್ಳುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅದೂ ಪದರ ಬೆಳೆದಂತೆ ಕಡಿಮೆಯಾಗುತ್ತ ಹೋಗುತ್ತದೆ. ಈಗ ಇನ್ನೊಂದು ಕಡೆ ನೋಡಿ. ಹಳೆಯ ಕಚೇರಿಗಳ, ವೈದ್ಯರ ಮನೆಗಳ ಬಾಗಿಲಲ್ಲಿ ಅಕ್ಷರ ಅಳಿಸಿಹೋದ ಹಿತ್ತಾಳೆ ಫಲಕಗಳನ್ನು ಅನೇಕರು ನೋಡಿರಬಹುದು. ಅಂಚಿನ ಅಕ್ಷರಗಳು ಇನ್ನೂ ಚೂಪಾಗಿರುತ್ತವೆ, ನಡುವಿನವು ಬೆರಳಿಗೂ ಸಿಗುವುದಿಲ್ಲ. ಮಳೆ, ಗಾಳಿ ನಡುವನ್ನಷ್ಟೇ ಆರಿಸಿ ತಿನ್ನುವುದಿಲ್ಲ. ನಡುವನ್ನು ಆರಿಸಿಕೊಂಡದ್ದು ಬಟ್ಟೆ ಹಿಡಿದ ಕೈ. ತಿಕ್ಕುವ ಪುಡಿಯೆಂದರೆ ಬಲು ನುಣುಪಾದ ಮರಳೇ. ಅದು ಕಂದು ಪದರವನ್ನು ಕಿತ್ತು, ಅದರ ಜೊತೆಗೆ ಒಂದಿಷ್ಟು ಲೋಹವನ್ನೂ ಒಯ್ಯುತ್ತದೆ. ಹಾಗೆ ಬೆತ್ತಲಾದ ಹೊಸ ಮೈಗೆ ಮೊದಲಿನ ಮರೆ ಇಲ್ಲವಾದ್ದರಿಂದ ಅದು ಮತ್ತೆ ಬೇಗ ಮಂಕಾಗುತ್ತದೆ. ವಾರಕ್ಕೊಮ್ಮೆ ತಿಕ್ಕುವ ಮನೆಯಲ್ಲಿ ಹಿತ್ತಾಳೆ ವಾರಕ್ಕೊಮ್ಮೆ ಮೊದಲ ವರ್ಷದ ಮೊದಲ ದಿನಕ್ಕೆ ಮರಳುತ್ತದೆ, ನಿಧಾನವಾಗುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಹುಣಸೆಹಣ್ಣು, ಬೂದಿ, ನಿಂಬೆಹೋಳು ಹಚ್ಚಿ ತಿಕ್ಕಿದ ಹಿತ್ತಾಳೆ ಬಿಂದಿಗೆ, ದೀಪಾಲೆ ಕಂಬಗಳು ಈಗಲೂ ಗಟ್ಟಿಯಾಗಿವೆ. ಹುಣಸೆಹಣ್ಣಿನಿಂದ ಯಾವ ಹಿತ್ತಾಳೆ ಸತ್ತಿದೆ ಎಂದು ಕೇಳಬಹುದು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಚೆನ್ನಾಗಿ ಕರಗಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಿಂದಿಗೆಯ ಭಾಗ್ಯ ಬೇರೆ, ಚಿಲಕದ ಭಾಗ್ಯ ಬೇರೆ. ಬಿಂದಿಗೆಯನ್ನು ತಿಕ್ಕಿದ ಮೇಲೆ ನಾಲ್ಕು ಚೊಂಬು ನೀರು ಸುರಿದು ತೊಳೆಯುತ್ತೇವೆ, ಬಟ್ಟೆಯಲ್ಲಿ ಒರೆಸಿ ಬೋರಲು ಹಾಕುತ್ತೇವೆ. ಹುಳಿಯ ಕುರುಹೂ ಉಳಿಯುವುದಿಲ್ಲ. ಬಾಗಿಲಿಗೆ ಸ್ಕ್ರೂ ಹಾಕಿ ಬಿಗಿದ ಹಿಡಿಕೆಯನ್ನು ಹಾಗೆ ತೊಳೆಯಲು ಬರುವುದಿಲ್ಲ. ಹುಳಿ ಹಿಡಿಕೆಯ ಬುಡಕ್ಕೂ ಮರಕ್ಕೂ ನಡುವಿನ ಸಂದಿಗೆ ಇಳಿಯುತ್ತದೆ, ಬೀಗದ ಕಿಂಡಿಗೆ ಇಳಿಯುತ್ತದೆ, ಅಲ್ಲೇ ಉಳಿಯುತ್ತದೆ. ಬೇಗ ಆಗಲೆಂದು ಜೊತೆಗೆ ಉಪ್ಪು ಬೆರೆಸಿದರಂತೂ ಮೊಂಬಾಸಾದ ಕಡಲನ್ನು ಕೈಯಾರೆ ನೈರೋಬಿಯ ಬಾಗಿಲಿಗೆ ತಂದ ಹಾಗಾಯಿತು. ಉಪ್ಪಿನ ಕ್ಲೋರೈಡ್ ಅಂಶ ಹಿತ್ತಾಳೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕುಳಿ ತೋಡುತ್ತದೆ. ಕಂದು ಪದರ ಮರೆಯಾಗಿ ನಿಂತರೆ, ಉಪ್ಪಿನ ಮೇಲೆ ಬೆಳೆದ ಪುಡಿಪುಡಿ ತಿಳಿಹಸಿರು ಕಿಲುಬು ಅಡಿಯಲ್ಲಿ ತಿನ್ನುತ್ತಲೇ ಇರುತ್ತದೆ. ಕಂದನ್ನು ಬಿಡಿ, ಆ ಹಸಿರನ್ನು ಬಿಡಬೇಡಿ ಎಂಬ ವಿವೇಚನೆ ಇಲ್ಲಿ ಬೇಕು. ಇನ್ನು ಹುಳಿಯಲ್ಲಿ ಹೆಚ್ಚು ಹೊತ್ತು ನೆನೆಸಿದ ಹಿತ್ತಾಳೆ ಕೆಂಪು ಛಾಯೆಗೆ ತಿರುಗುವುದನ್ನು ಗೃಹಿಣಿಯರು ಬಲ್ಲರು. ಮೇಲ್ಮೈಯಲ್ಲಿ ಸತು ಕಡಿಮೆಯಾಗಿ ತಾಮ್ರ ಮೇಲಾದ ಗುರುತು ಅದು. ಅಡುಗೆಮನೆಯ ವಿದ್ಯೆಯಲ್ಲಿ ತಪ್ಪಿಲ್ಲ. ಅದು ತೊಳೆದು ಒರೆಸುವ ಪಾತ್ರೆಗಾಗಿ ಹುಟ್ಟಿದ ವಿದ್ಯೆ, ಮಳೆಗೆ ನಿಂತ ಬಾಗಿಲಿಗಾಗಿ ಅಲ್ಲ.

ಬಾಟಲಿಯಲ್ಲಿ ಬರುವ ಪಾಲಿಶ್‌ಗಳಿಗೂ ಇದೇ ಮಾತು, ಜೊತೆಗೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಹಲವುಗಳ ಮುಚ್ಚಳ ತೆಗೆದರೆ ಮೂಗಿಗೆ ರಾಚುವ ವಾಸನೆ ಅಮೋನಿಯಾದ್ದು. ಅಮೋನಿಯಾಕ್ಕೂ ಹಿತ್ತಾಳೆಗೂ ಇರುವ ಹಗೆ ಗೊತ್ತಾದದ್ದರ ಹಿಂದೆ ಭಾರತದ ಮಳೆಗಾಲವಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಸೇನಾ ಉಗ್ರಾಣಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲ ಬಂತೆಂದರೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಋತುವಿಗೆ ಸರಿಯಾಗಿ ಬರುವ ರೋಗವಾದ್ದರಿಂದ ಅದಕ್ಕೆ ‘ಋತು ಬಿರುಕು’ ಎಂದೇ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ಕಾರಣವನ್ನು ಬಿಡಿಸಿಟ್ಟರು. ತೋಟಾ ತಯಾರಿಸುವಾಗ ಲೋಹವನ್ನು ಎಳೆದು ಅದುಮಿದ್ದರಿಂದ ಅದರೊಳಗೆ ಬಿಗುಪು ಉಳಿದಿರುತ್ತಿತ್ತು. ಮಳೆಗಾಲದ ತೇವದಲ್ಲಿ ಕುದುರೆ ಲಾಯದ ಮೂತ್ರದಿಂದ ಎದ್ದ ಅಮೋನಿಯಾ ಆ ಬಿಗುಪಿನ ಜಾಗವನ್ನೇ ಹಿಡಿದು ಸೀಳುತ್ತಿತ್ತು. ಬಿಗುಪು, ತೇವ, ಅಮೋನಿಯಾ ಮೂರೂ ಕೂಡಿದರಷ್ಟೇ ಈ ಬಿರುಕು. ತೆಳ್ಳನೆ ಹಿತ್ತಾಳೆ ತಗಡನ್ನು ಒತ್ತಿ ಮಾಡಿದ ದೀಪದ ಬುರುಡೆ, ಗುಬ್ಬಿ, ಕೊಳವೆ ಹಿಡಿಕೆಗಳಲ್ಲಿ ಈ ಬಿಗುಪು ಈಗಲೂ ಇರುತ್ತದೆ. ದನದ ಕೊಟ್ಟಿಗೆ, ಕೋಳಿಗೂಡು, ಗೊಬ್ಬರದ ಗುಡ್ಡೆಗಳ ಬಳಿ ಇಂಥದ್ದನ್ನು ಹಾಕುವುದು ತರವಲ್ಲ. ದಾರಿಹೋಕರು ಮೂತ್ರ ಮಾಡುವ ಕಾಂಪೌಂಡಿನ ಮೂಲೆಗೂ ಅದು ಹೊಂದದು. ಎರಕ ಹೊಯ್ದ ದಪ್ಪ ಚಿಲಕಕ್ಕೆ ಅಷ್ಟು ಭಯವಿಲ್ಲ. ಟೈಲ್ಸ್, ಕಲ್ಲು ತೊಳೆಯುವ ಆಸಿಡ್‌ನದ್ದೂ ಇಂಥದೇ ಕಥೆ. ನೈರೋಬಿಯಲ್ಲಿ ಕಟ್ಟಡದ ಕೆಲಸಕ್ಕೆ ಬಿಡುವೇ ಇಲ್ಲ, ಕೆಲಸ ಮುಗಿದಾಗ ಸಿಮೆಂಟ್ ಕಲೆ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವುದುಂಟು. ಅದರ ಆವಿಯೊಂದೇ ಸಾಕು, ಹೊಸದಾಗಿ ಹಾಕಿದ ಹಿತ್ತಾಳೆಯೆಲ್ಲ ಒಂದೇ ದಿನಕ್ಕೆ ಕಲೆಕಟ್ಟುತ್ತದೆ. ಹಿತ್ತಾಳೆ ಹಾಕುವುದು ಆ ತೊಳೆತವೆಲ್ಲ ಮುಗಿದ ಮೇಲೆ ಆಗಲಿ.

ಎರಡನೆಯ ಆಕ್ಷೇಪ ಅಂಗಡಿಯಿಂದ ಬರುತ್ತದೆ. ಮೇಲೆ ಮೆರುಗೆಣ್ಣೆ, ಅಂದರೆ ಲ್ಯಾಕರ್, ಹೊಡೆದೇ ಬರುತ್ತದಲ್ಲ, ಹೊದಿಕೆ ಬೇಕೆಂದರೆ ಇದಕ್ಕಿಂತ ಹೊದಿಕೆ ಯಾವುದು? ಮನೆಯೊಳಗಿನ ಹಿತ್ತಾಳೆಗೆ ಈ ಮಾತು ನಿಜ. ಬಿಸಿಲು ತಾಗದ, ಕೈ ತಾಗದ ದೀಪಕ್ಕೆ ಒಳ್ಳೆಯ ಲ್ಯಾಕರ್ ವರ್ಷಗಟ್ಟಲೆ ಕಾವಲು ಕಾಯುತ್ತದೆ. ಹೊರಗೆ ಅದು ಹೇಗೆ ಸೋಲುತ್ತದೆಂದು ಒಂದು ಹಿಡಿಕೆಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಪೂರ್ವದ ಬಾಗಿಲ ಉದ್ದನೆಯ ಹಿಡಿಕೆ ಎನ್ನಿ. ಬಿಸಿಲು ಬೀಳುವ ಮೇಲ್ಭಾಗದಲ್ಲಿ ಲ್ಯಾಕರ್ ಮೊದಲು ಹಾಲು ಬೆರೆತಂತೆ ಬೆಳ್ಳಗಾಗುತ್ತದೆ, ಆಮೇಲೆ ಒಣಗಿದ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಉಂಗುರ ತಾಗಿ ಗೀರಿದ ಕಡೆಯಿಂದ ಒಳಗೆ ಕಪ್ಪು ಗೆರೆಗಳು ಬೇರಿನ ಎಳೆಗಳಂತೆ ಹರಿದಿರುತ್ತವೆ: ನೀರು ಲ್ಯಾಕರಿನಡಿ ಸೇರಿದೆ, ಹೊರಬರಲು ದಾರಿಯಿಲ್ಲ. ದಿನವೂ ಕೈ ಹಿಡಿಯುವ ಗೇಣಗಲದ ಜಾಗ ಮಾತ್ರ ತಾನಾಗಿ ಬಂಗಾರದಂತೆ ಇರುತ್ತದೆ. ಕೆಳತುದಿಯ ಸ್ಕ್ರೂ ಬಳಿ ಒಂದು ಹಸಿರು ಹನಿ, ಅಲ್ಲಿಂದ ಮರದ ಮೇಲೆ ಇಳಿದ ಹಸಿರು ಗೆರೆ. ಈ ಹಿಡಿಕೆಯನ್ನು ಈಗ ತಿಕ್ಕಿದರೂ ಪ್ರಯೋಜನವಿಲ್ಲ, ಏಕೆಂದರೆ ಬಟ್ಟೆ ಲ್ಯಾಕರಿನ ಮೇಲಿದೆ, ಮಂಕು ಅದರ ಕೆಳಗಿದೆ. ಇಡೀ ಲ್ಯಾಕರನ್ನು ಥಿನ್ನರ್‌ನಿಂದ ತೆಗೆದೇ ಮುಂದಿನ ಕೆಲಸ. ಲ್ಯಾಕರಿನ ದೊಡ್ಡ ದೋಷ ಅದು ಸೋಲುವುದಲ್ಲ, ಎಲ್ಲ ಹೊದಿಕೆಯೂ ಒಂದು ದಿನ ಸೋಲುತ್ತದೆ. ಅಲ್ಲಲ್ಲಿ ಸೋತಾಗ ಅಲ್ಲಲ್ಲೇ ತೇಪೆ ಹಾಕಲು ಅದು ಬಿಡುವುದಿಲ್ಲ. ವಸ್ತುಸಂಗ್ರಹಾಲಯದವರು ಬಯಲಿನ ಕಂಚಿಗೆ ಬಳಸುವ ‘ಇನ್‌ಕ್ರಾಲ್ಯಾಕ್’ ಎಂಬ ಮೇಲಾದ ಲ್ಯಾಕರ್ ಇದೆ. ಅದರಲ್ಲಿ ತಾಮ್ರದ ಜೊತೆ ಬಂಧ ಬೆಸೆದು ಸವೆತ ತಡೆಯುವ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಅದರ ಮೇಲೂ ಅವರು ಮೇಣದ ಒಂದು ಪದರ ಹಚ್ಚುತ್ತಾರೆ ಎಂಬುದು ಗಮನಿಸಬೇಕಾದ ವಿಷಯ. ಅಂದರೆ ಬಿಸಿಲಿನ ಹೊಡೆತವನ್ನು ಮೊದಲು ತಿನ್ನುವುದು ಮೇಣ. ಸವೆದರೆ ಮತ್ತೆ ಹಚ್ಚಿದರಾಯಿತು.

ಮನೆಯ ಹೊರಗಿನ ಹಿತ್ತಾಳೆಗೆ, ಅದರಲ್ಲೂ ಕೈ ತಾಗುವ ಹಿತ್ತಾಳೆಗೆ, ಈ ಮೇಣವೊಂದೇ ಸಾಕು ಎಂಬುದು ನನ್ನ ತೀರ್ಮಾನ. ಮೇಣ ನೀರನ್ನು ನಿಲ್ಲಗೊಡದು, ಗೀರಿದರೂ ಸಿಪ್ಪೆ ಏಳದು, ಹಳೆಯದರ ಮೇಲೇ ಹೊಸದನ್ನು ಹಚ್ಚಬಹುದು. ಯಾವ ಮೇಣ ಎಂಬುದು ಮುಂದಿನ ಪ್ರಶ್ನೆ. ಕೀನ್ಯಾದಲ್ಲಿ ಜೇನುಮೇಣಕ್ಕೆ ಬರವಿಲ್ಲ. ಕಿಟುಯಿ, ಬರಿಂಗೊ ಕಡೆ ಮರದ ಕೊರಡನ್ನು ಟೊಳ್ಳು ಮಾಡಿ ಕೊಂಬೆಗೆ ತೂಗುಹಾಕುವ ಜೇನುಗೂಡಿನ ಪದ್ಧತಿ ಹಳೆಯದು. ಆದರೆ ಜೇನುಮೇಣ ಒಂದನ್ನೇ ನೆಚ್ಚುವುದು ಬೇಡ. ಅದು ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲೇ. ಮಧ್ಯಾಹ್ನದ ಬಿಸಿಲಿಗೆ ಕಾದ ಲೋಹದ ಮೇಲೆ ಅದು ಜಿಗುಟಾಗಿ ಕೆಂಪು ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಜೊತೆಗೆ ತುಸು ಆಮ್ಲೀಯವೂ ಹೌದು. ಬ್ರೆಜಿಲ್‌ನ ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬಾ ಮೇಣ ಕರಗಲು 82 ಡಿಗ್ರಿಗೂ ಹೆಚ್ಚು ಶಾಖ ಬೇಕು, ಗಟ್ಟಿಯಾಗಿ ಕೂರುತ್ತದೆ. ಕಾರಿಗೆ ಹಚ್ಚುವ ಒಳ್ಳೆಯ ಮೇಣಗಳಲ್ಲಿ ಇರುವುದು ಇದೇ. ಪೆಟ್ರೋಲ್ ಬಂಕಿನಲ್ಲೂ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಕೊಳ್ಳುವಾಗ ‘ಗೀರು ತೆಗೆಯುವ’ ಪುಡಿ ಬೆರೆತದ್ದಲ್ಲ, ಬರೀ ಮೇಣದ್ದು ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕಾಪಾಡುವ ಹೆಸರಿನಲ್ಲಿ ಮತ್ತೆ ತಿಕ್ಕಾಟವೇ ಆದೀತು. ಪೆಟ್ರೋಲಿಯಂನಿಂದ ತೆಗೆದ ನುಣ್ಣನೆಯ ಮೈಕ್ರೋಕ್ರಿಸ್ಟಲೈನ್ ಮೇಣ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಆಮ್ಲವಿಲ್ಲ.

ಹಚ್ಚುವ ಕೆಲಸದಲ್ಲಿ ಕೆಡುವುದು ಮೇಣದಿಂದಲ್ಲ, ಅದಕ್ಕೆ ಮೊದಲಿನ ಅವಸರದಿಂದ. ಹಿಡಿಕೆಯನ್ನು ಮೃದುವಾದ ಸೋಪುನೀರಿನಲ್ಲಿ ಒರೆಸಬೇಕು, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತೀರ ಕಿಲುಬಿದ್ದರೆ ಮಾತ್ರ ಒಂದೇ ಒಂದು ಸಲ ಹಗುರವಾಗಿ ಪಾಲಿಶ್ ಮಾಡಿ, ಪಾಲಿಶಿನ ಬಿಳಿ ಪುಡಿ ಸಂದಿನಲ್ಲಿ ಉಳಿಯದಂತೆ ತೊಳೆಯಬೇಕು. ಆ ಬಿಳಿ ಪುಡಿ ತೇವ ಹೀರಿ ಅಲ್ಲೇ ಹಸಿರಾಗುತ್ತದೆ. ಆಮೇಲೆ ಒಣಬಟ್ಟೆ, ಆಮೇಲೆ ಬೆರಳಿನ ಜಿಡ್ಡು ಹೋಗುವಂತೆ ಸ್ಪಿರಿಟ್ ಅದ್ದಿದ ಬಟ್ಟೆ. ಇಷ್ಟಾದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಉಪ್ಪು ಬೆರಳಚ್ಚಾಗಿ ಮೇಣದಡಿ ಉಳಿದುಬಿಡುತ್ತದೆ. ಲೋಹ ಬಿಸಿಲಿಗೆ ಕೈಬೆಚ್ಚಗಾದ ಹೊತ್ತು ಮೇಣ ಹಚ್ಚಲು ಸಕಾಲ. ಬೆಚ್ಚನೆಯ ಲೋಹದ ಮೇಲೆ ಅದು ತೆಳ್ಳಗೆ ಹರಡಿ ಸೂಕ್ಷ್ಮ ರಂಧ್ರಗಳಿಗೂ ಇಳಿಯುತ್ತದೆ. ದಪ್ಪ ಹಚ್ಚಿದರೆ ಧೂಳು, ತೆಳುವಾಗಿ ಎರಡು ಸಲ ಹಚ್ಚಿದರೆ ರಕ್ಷಣೆ. ನೈರೋಬಿಯಲ್ಲಿ ಫೆಬ್ರವರಿ ಕೊನೆಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ, ಅಂದರೆ ಎರಡು ಮಳೆಗಳ ಮುಂಚೆ, ಇಷ್ಟು ಮಾಡಿದರೆ ಸೂರಿನ ನೆರಳಿನಲ್ಲಿರುವ ಹಿತ್ತಾಳೆಗೆ ಸಾಕು. ದಿನವೂ ಕೈ ಹಿಡಿಯುವ ಭಾಗಕ್ಕೆ ನಡುವೆ ಇನ್ನೊಂದೆರಡು ಸಲ ಬೇಕಾದೀತು. ಮೊಂಬಾಸಾದಲ್ಲಿ, ನಮ್ಮ ಉಡುಪಿ, ಕಾರವಾರ, ಕಾಸರಗೋಡಿನ ದಂಡೆಯಲ್ಲಿ ಲೆಕ್ಕ ಬೇರೆ: ಮೊದಲು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಉಪ್ಪನ್ನು ಒರೆಸಿ ತೆಗೆಯಬೇಕು, ತಿಂಗಳಿಗೋ ಎರಡು ತಿಂಗಳಿಗೋ ಮೇಣ ಹಚ್ಚಬೇಕು.

ಕಾಪಾಡುವ ಮಾತಿಗೆ ಮುನ್ನ ಕಾಪಾಡುತ್ತಿರುವುದು ಹಿತ್ತಾಳೆಯೇ ಹೌದೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಹಿತ್ತಾಳೆ ಎಂದು ಕೊಡುವುದರಲ್ಲಿ ಬಹಳಷ್ಟು ಕಬ್ಬಿಣದ ಅಥವಾ ಸತುವಿನ ಎರಕದ ಮೇಲೆ ಕೆಲವೇ ಮೈಕ್ರಾನ್ ಹಿತ್ತಾಳೆ ಲೇಪಿಸಿದ ಸಾಮಾನು. ಅಯಸ್ಕಾಂತ ಅಂಟಿಕೊಂಡರೆ ಒಳಗೆ ಕಬ್ಬಿಣ. ಅಂಟದಿದ್ದರೆ ತೂಕ ನೋಡಬೇಕು. ಒಂದೇ ಗಾತ್ರದ ನೀರಿಗಿಂತ ಹಿತ್ತಾಳೆ ಸುಮಾರು ಎಂಟೂವರೆ ಪಟ್ಟು ಭಾರ, ಸತುವಿನ ಎರಕ ಆರೂವರೆ ಪಟ್ಟು ಚಿಲ್ಲರೆ. ಹಿಂಬದಿಯಲ್ಲಿ ಕಾಣದ ಕಡೆ ಗೀರಿದಾಗ ಬೆಳ್ಳಗೆ ಕಂಡರೆ ಅದು ಸತು. ಇಂಥ ಲೇಪದ ಮೇಲೆ ಒಂದೆರಡು ಸಲ ಬಲವಾಗಿ ತಿಕ್ಕಿದರೆ ಲೇಪವೇ ಹೋಗುತ್ತದೆ. ನಿಜವಾದ ಹಿತ್ತಾಳೆ ಕೊಂಡವರು ಅದನ್ನು ಕಬ್ಬಿಣದ ಸ್ಕ್ರೂನಿಂದ ಬಿಗಿಯಬಾರದು. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ಕಬ್ಬಿಣ ಬೇಗ ಕರಗಿ, ತುಕ್ಕಿನ ಕೆಂಪು ಹಿತ್ತಾಳೆಯ ಮೇಲೂ ಮರದ ಮೇಲೂ ಇಳಿಯುತ್ತದೆ. ಹಿತ್ತಾಳೆ ಸ್ಕ್ರೂ ಮೆತ್ತಗೆ, ಗಟ್ಟಿ ಮರದಲ್ಲಿ ತಿರುಗಿಸುವಾಗ ತಲೆ ಮುರಿಯುತ್ತದೆ ಎಂಬ ಬಡಗಿಗಳ ದೂರು ನಿಜವೇ. ಅದಕ್ಕೆ ಬಡಗಿಗಳದ್ದೇ ಉಪಾಯವಿದೆ: ಅದೇ ಅಳತೆಯ ಉಕ್ಕಿನ ಸ್ಕ್ರೂಗೆ ಮೇಣ ಸವರಿ ಮೊದಲು ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಕೂರಿಸುವುದು. ನೈರೋಬಿಯಲ್ಲಿ ‘ಫುಂಡಿ’ ಎಂದು ಕರೆಯುವ ಕುಶಲಕರ್ಮಿಗಳಿಗೆ ಈ ಒಂದು ಮಾತನ್ನು ಕೆಲಸಕ್ಕೆ ಮುಂಚೆಯೇ ಹೇಳಬೇಕು. ಇನ್ನೊಂದು, ಬಾಗಿಲಿಗೆ ವಾರ್ನಿಷ್ ಹೊಡೆಯುವಾಗ ಹಿಡಿಕೆಯನ್ನು ಬಿಚ್ಚಿಡಬೇಕೆಂದು. ಮರದ ವಾರ್ನಿಷ್ ಹಿತ್ತಾಳೆಗೆ ತಗುಲಿದರೆ ಲ್ಯಾಕರಿನ ಎಲ್ಲ ಕಷ್ಟಗಳೂ ಅಲ್ಲಿಂದಲೇ ಶುರು.

ತೋಟದ ನಲ್ಲಿಯ ಹಿತ್ತಾಳೆಗೆ ಮೇಣದಿಂದ ಹೆಚ್ಚೇನೂ ಆಗದು, ಏಕೆಂದರೆ ಅದರ ಶತ್ರು ಒಳಗಿನ ನೀರು. ಹಿತ್ತಾಳೆ ತಾಮ್ರ, ಸತುಗಳ ಮಿಶ್ರಣ. ಸತು ನೂರಕ್ಕೆ ಮೂವತ್ತೈದು, ನಲವತ್ತರ ಹತ್ತಿರವಿದ್ದರೆ ಕೆಲವು ಬಗೆಯ ನೀರು ಸತುವನ್ನಷ್ಟೇ ಆರಿಸಿ ಕರಗಿಸುತ್ತದೆ. ಉಳಿಯುವುದು ಸ್ಪಂಜಿನಂಥ ಕೆಂಪು ತಾಮ್ರ. ಹೊರಗಿಂದ ಆಕಾರ ಹಾಗೇ ಇರುತ್ತದೆ, ಒಂದು ದಿನ ತಿರುಗಿಸುವಾಗ ಬಿಸ್ಕತ್ತಿನಂತೆ ಮುರಿಯುತ್ತದೆ. ನಲ್ಲಿಯ ಮೇಲೆ ಬಿಳಿ ಬೂಸ್ಟಿನಂಥ ಗಂಟು, ಅದರಡಿ ಕೆಂಪು ಚುಕ್ಕೆ ಕಂಡರೆ ಅದೇ ರೋಗ. ಅಲ್ಪ ಪ್ರಮಾಣದ ಆರ್ಸೆನಿಕ್ ಬೆರೆಸಿ ಈ ಸೋರಿಕೆಯನ್ನು ತಡೆದ ಹಿತ್ತಾಳೆ ಇದೆ. ಸಾಮಾನಿನ ಮೇಲೆ ‘ಡಿಝಡ್ಆರ್’ ಅಥವಾ ‘ಸಿಆರ್’ ಎಂಬ ಅಚ್ಚು ಇರುತ್ತದೆ. ಕೊಳ್ಳುವಾಗ ಕೇಳಿ ಕೊಳ್ಳುವುದೊಂದೇ ಇದಕ್ಕೆ ಮದ್ದು.

ಇಷ್ಟೆಲ್ಲ ಆದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಮನಸ್ಸಿನದ್ದು. ಹೊಸ್ತಿಲ ಹಿತ್ತಾಳೆ ಮಂಕಾಗಿದ್ದರೆ ಮನೆಗೆ ಕಳೆಯಿಲ್ಲ, ಹಬ್ಬದ ದಿನ ಬಾಗಿಲು ಹೊಳೆಯಬೇಕು ಎಂಬ ಭಾವನೆ ನಮ್ಮದು. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಮೇಣ ಹಚ್ಚಿದ ಹಿತ್ತಾಳೆ ಮಂಕಾಗಬೇಕೆಂದೇನೂ ಇಲ್ಲ: ಯುಗಾದಿಗೋ ದೀಪಾವಳಿಗೋ ಒಮ್ಮೆ ಹಗುರವಾಗಿ ತಿಕ್ಕಿ ಕೂಡಲೇ ಮೇಣ ಹಚ್ಚಿದರೆ ಹೊಳಪು ತಿಂಗಳುಗಟ್ಟಲೆ ನಿಲ್ಲುತ್ತದೆ, ಆಮೇಲೆ ಸಮನಾದ ಜೇನುಬಣ್ಣಕ್ಕೆ ಇಳಿಯುತ್ತದೆ. ನೈರೋಬಿಯ ಕೀನ್ಯಾಟ್ಟಾ ಅವೆನ್ಯೂದಲ್ಲಿ 1928ರಿಂದ ಮೂರು ಕಂಚಿನ ಪ್ರತಿಮೆಗಳಿವೆ, ಮೊದಲ ಮಹಾಯುದ್ಧದಲ್ಲಿ ದುಡಿದ ಆಫ್ರಿಕದ ಸೈನಿಕರ, ಹೊರೆ ಹೊತ್ತವರ ನೆನಪಿಗೆ. ಅವು ಕಡುಗಂದಾಗಿರುವುದನ್ನು ಯಾರೂ ಅಲಕ್ಷ್ಯ ಎನ್ನುವುದಿಲ್ಲ. ಆ ಬಣ್ಣದಲ್ಲೇ ಅವುಗಳ ಗಾಂಭೀರ್ಯ. ಕಂಚಿಗೆ ಕೊಡುವ ಗೌರವವನ್ನು ಹಿತ್ತಾಳೆಗೆ ಕೊಡದಿರಲು ಕಾರಣವಿಲ್ಲ. ಇಷ್ಟು ಪಾಡೇಕೆ, ಸ್ಟೀಲ್ ಹಾಕಿದರಾಯಿತಲ್ಲ ಎನ್ನುವವರೂ ಇದ್ದಾರೆ. ಹಾಕಬಹುದು. ಆದರೆ ಅನೇಕರು ಮುಟ್ಟುವ ಹಿಡಿಕೆಯಲ್ಲಿ ಹಿತ್ತಾಳೆಗೆ ಒಂದು ಗುಣವಿದೆ: ತಾಮ್ರ ನೂರಕ್ಕೆ ಅರವತ್ತಕ್ಕಿಂತ ಹೆಚ್ಚಿರುವ ಮಿಶ್ರಲೋಹಗಳ ಮೇಲೆ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂಬುದನ್ನು 2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಧಿಕೃತವಾಗಿ ನೋಂದಾಯಿಸಿತು. ಅದಕ್ಕೆ ಲೋಹ ಬರಿಮೈಯಲ್ಲಿರಬೇಕು, ಲ್ಯಾಕರ್ ಇದ್ದರೆ ಆ ಗುಣ ಕೆಲಸ ಮಾಡದು, ಮೇಣವೂ ಅದನ್ನು ತಗ್ಗಿಸುತ್ತದೆ. ಆದ್ದರಿಂದ ಆಸ್ಪತ್ರೆ, ಶಾಲೆಗಳ ಬಾಗಿಲಲ್ಲಿ ಹಿಡಿಯುವ ಭಾಗವನ್ನು ಬರಿದಾಗಿಯೇ ಬಿಟ್ಟು ಸೋಪುನೀರಿನಲ್ಲಿ ಒರೆಸುವುದು ಸರಿ. ಅಲ್ಲಿ ಕೈಗಳೇ ಹೊಳಪು ಕೊಡುತ್ತವೆ.

ನೈರೋಬಿಯಲ್ಲಿ ಹಿತ್ತಾಳೆಗೆ ಇನ್ನೊಂದು ಅಪಾಯವಿದೆ, ಅದಕ್ಕೆ ಮೇಣದಲ್ಲಿ ಮದ್ದಿಲ್ಲ. ತಾಮ್ರ, ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೆಯ ಬೆಲೆ. 2022ರ ಜನವರಿಯಲ್ಲಿ ಕಿಯಂಬೆರೆ–ಎಂಬಾಕಾಸಿ ವಿದ್ಯುತ್ ಮಾರ್ಗದ ಗೋಪುರಗಳು ಉರುಳಿ ದೇಶವೆಲ್ಲ ಕತ್ತಲಾದಾಗ, ಲೋಹಗಳ್ಳತನವೇ ಕಾರಣವೆಂದು ಸರ್ಕಾರ ಗುಜರಿ ಲೋಹದ ವ್ಯಾಪಾರವನ್ನೇ ನಿಲ್ಲಿಸಿತ್ತು. ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಗೇಟಿನ ಹೊರಗೆ ಹಾಕುವ ಫಲಕ, ಚಿಲಕಗಳನ್ನು ಹೊರಗಿಂದ ಸ್ಕ್ರೂ ತಿರುಗಿಸಿ ಬಿಚ್ಚಲಾಗದಂತೆ, ಒಳಗಿನಿಂದ ನಟ್ಟು ಬಿಗಿಯುವ ಬೋಲ್ಟಿನಿಂದ ಹಾಕಿಸಬೇಕು. ಆ ಬೋಲ್ಟೂ ಹಿತ್ತಾಳೆಯದ್ದೇ ಇರಲಿ.

ಮೇಣ ಇನ್ನೂ ಇದೆಯೋ ಸವೆದಿದೆಯೋ ಎಂದು ತಿಳಿಯಲು ಯಾವ ಸಲಕರಣೆಯೂ ಬೇಡ. ಬೆರಳನ್ನು ನೀರಿನಲ್ಲಿ ಅದ್ದಿ ಹಿಡಿಕೆಯ ಮೇಲೆ ಒಂದು ಹನಿ ಬಿಡಿ. ಕೆಸುವಿನೆಲೆಯ ಮೇಲಿನ ಹಾಗೆ ಹನಿ ಗುಂಡಗೆ ನಿಂತರೆ ಮೇಣ ಇದೆ, ಬಟ್ಟೆಯನ್ನು ಒಳಗಿಡಿ. ಹನಿ ಹರಡಿಕೊಂಡು ಲೋಹವನ್ನು ತೋಯಿಸಿದರೆ ಮೇಣ ಹೋಗಿದೆ. ಮಾರ್ಚಿನ ಮಳೆಗೆ ಮುಂಚೆ ಮತ್ತೊಂದು ಕೈ ಹಚ್ಚಿಬಿಡಿ.